ಬೀದಿಯಲ್ಲಿ ವಾಂತಿ-ಭೇದಿ ಶುರುವಾದರೆ ಪಟ್ಟಿ ಹೀಗೆ ಬರೆಯಿರಿ

ಒಂದೇ ಬೀದಿಯ ಮೂರ್ನಾಲ್ಕು ಮನೆಗಳಲ್ಲಿ ಒಟ್ಟೊಟ್ಟಿಗೆ ವಾಂತಿ-ಭೇದಿ ಕಾಣಿಸಿಕೊಂಡರೆ, ತಪ್ಪನ್ನು ಜಾತ್ರೆ ಊಟದ ಮೇಲೆ ಹಾಕಿ ಸುಮ್ನಾಗಬೇಡಿ. ಅವತ್ತೇ ಆಶಾ ಕಾರ್ಯಕರ್ತೆಗೆ ಹೇಳಿ.

ಕಾಯಿಲೆ ಬಿದ್ದವರ ಲೆಕ್ಕ ಸರ್ಕಾರಕ್ಕೆ ಹೋಗುವುದು ಮೂರು ಫಾರ್ಮ್‌ಗಳಲ್ಲಿ: ಆರೋಗ್ಯ ಉಪಕೇಂದ್ರದ ಸಿಬ್ಬಂದಿ ತುಂಬುವುದು ಎಸ್ ಫಾರ್ಮ್, ಡಾಕ್ಟರ್ ತುಂಬುವುದು ಪಿ, ಲ್ಯಾಬ್‌ನದು ಎಲ್. 2004ರಲ್ಲಿ ಶುರುವಾದ ಐಡಿಎಸ್‌ಪಿ ಅನ್ನುವ ರೋಗ ಕಣ್ಗಾವಲು ಯೋಜನೆಯಲ್ಲಿ ಇವು ವಾರಕ್ಕೊಮ್ಮೆ ಹೋಗುತ್ತಿದ್ದವು, 2021ರಿಂದ ದೇಶದೆಲ್ಲೆಡೆ ಐಎಚ್‌ಐಪಿ ಅನ್ನುವ ಆನ್‌ಲೈನ್ ಪೋರ್ಟಲ್‌ಗೆ ಹೋಗುತ್ತವೆ. ಎಲ್ಲಾ ಸರಿ, ಆದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮನೆಯಲ್ಲೇ ಮಲಗಿದವರು ಯಾವ ಫಾರ್ಮಿಗೂ ಬರುವುದಿಲ್ಲ, ಅಲ್ವಾ? ಅವರು ಸಿಗುವುದು ನಿಮ್ಮ ಪಟ್ಟಿಯಲ್ಲೇ.

ಒಂದು ನೋಟ್‌ಬುಕ್ ಸಾಕು. 24 ಗಂಟೆಯಲ್ಲಿ 3 ಸಲ ಅಥವಾ ಅದಕ್ಕಿಂತ ಜಾಸ್ತಿ ನೀರು ನೀರಾಗಿ ಭೇದಿ ಆದವರನ್ನೆಲ್ಲ ಬರೆಯಿರಿ: ವಯಸ್ಸು, ಬೀದಿ, ಶುರುವಾದ ದಿನ, ಕುಡಿಯುವ ನೀರು ಎಲ್ಲಿಯದು. ಕೊನೆಯದನ್ನು ಕೆದಕಿ ಕೇಳಿ. ಬರೀ ‘ನಲ್ಲಿ ನೀರು’ ಅಂದರೆ ಸಾಲದು. ಯಾವ ಟ್ಯಾಂಕಿನದು, ಯಾವ ವಾಲ್ವ್ ತಿರುಗಿಸಿದರೆ ಆ ಮನೆಗೆ ಬರುತ್ತದೆ ಅನ್ನುವುದು ನೀರುಗಂಟಿಗೆ ಗೊತ್ತಿರುತ್ತದೆ, ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ. ಕಾಯಿಲೆ ಬೀಳದ ಮನೆಗಳನ್ನೂ ಬರೆಯಿರಿ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಎದುರು ಸಾಲಿನವರು ಬೋರ್‌ವೆಲ್ ನೀರು ಕುಡಿದು ಆರಾಮಾಗಿದ್ದರೆ, ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಅರ್ಧ ಉತ್ತರ ಸಿಕ್ಕ ಹಾಗೆ. ಆಮೇಲೆ ಚರಂಡಿಯೊಳಗೆ ಹಾದುಹೋದ ಪೈಪ್ ಹುಡುಕಿ. ನೀರು ಬಿಡದ ಹೊತ್ತಿನಲ್ಲಿ ಪೈಪ್ ಖಾಲಿಯಾಗಿ, ಒಡೆದ ಜಾಗದಿಂದ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ.

ಕ್ಲೋರಿನ್ ನೋಡಬೇಕಾದ್ದು ಟ್ಯಾಂಕಿನ ಬುಡದಲ್ಲಲ್ಲ, ಲೈನಿನ ಕಟ್ಟಕಡೆಯ ನಲ್ಲಿಯಲ್ಲಿ. ಅಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕ್ಲೋರಿನ್ ಪರೀಕ್ಷೆಗೆ ಬಳಸುವ ಓಟಿ (ಆರ್ಥೋಟಾಲಿಡಿನ್) ದ್ರಾವಣ ಹಾಕಿದರೂ ನೀರು ಹಳದಿಯಾಗದಿದ್ದರೆ ಕ್ಲೋರಿನ್ ಇಲ್ಲ ಅಂತಲೇ ಲೆಕ್ಕ. ನೀರಿಗೆ ಮಲ ಸೇರಿದೆಯೇ ಅಂತ ನೋಡುವ ಎಚ್‌ಟುಎಸ್ ಪರೀಕ್ಷಾ ಬಾಟಲಿಯಲ್ಲಿ ತುಂಬಿಸಿಟ್ಟ ನೀರು 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲ ಸೇರಿರುವ ಅನುಮಾನ, ಆ ನೀರನ್ನು ಕುದಿಸದೆ ಕುಡಿಯಬೇಡಿ.

ಮಲದ ಸ್ಯಾಂಪಲ್ ಅನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆಸಿ. ಆಮೇಲೆ ತೆಗೆದರೆ ಕಾಲರಾ ಇದ್ದರೂ ಸಿಗದೇ ಹೋಗಬಹುದು. ಓಆರ್‌ಎಸ್ ಕೊಡುವುದಕ್ಕೆ ಮಾತ್ರ ಯಾವ ರಿಪೋರ್ಟಿಗೂ ಕಾಯಬೇಡಿ.

ಪೈಪ್ ರಿಪೇರಿ ಆಯ್ತು ಅಂತ ನೋಟ್‌ಬುಕ್ ಮುಚ್ಚಿಡಬೇಡಿ. ಕಾಲರಾ ಕೆಲವು ಗಂಟೆಗಳಿಂದ 5 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಟೈಫಾಯ್ಡ್ ಸಾಮಾನ್ಯವಾಗಿ 1ರಿಂದ 3 ವಾರ ತೆಗೆದುಕೊಳ್ಳುತ್ತದೆ, ಅದೇ ನೀರು ಕುಡಿದವರಲ್ಲಿ ಹೆಪಟೈಟಿಸ್ ಇ ಕಾಮಾಲೆ 2 ತಿಂಗಳ ಮೇಲೂ ತಲೆ ಎತ್ತಬಹುದು. ಹಾಗಾಗಿ ಜ್ವರ, ಹಳದಿ ಕಣ್ಣು ಎರಡನ್ನೂ ಅದೇ ಪಟ್ಟಿಗೆ ಸೇರಿಸುತ್ತಾ ಹೋಗಿ. ಬಸುರಿಯರಿರುವ ಮನೆಗಳಿಗೆ ಮೊದಲು ಹೋಗಿ, ಹೆಪಟೈಟಿಸ್ ಇ ಅವರ ಜೀವಕ್ಕೇ ಅಪಾಯ.