ಒಂದು 4×6 ಹಾಳೆಯಲ್ಲಿ 8 ಪಾಸ್‌ಪೋರ್ಟ್ ಫೋಟೋ: ಗಿಂಪ್‌ನಲ್ಲಿ ಕೈಯಿಂದ ಮಾಡುವುದು, ಆಮೇಲೆ ಪ್ಲಗ್‌ಇನ್ ಬರೆಯುವುದು

ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರಿಗೆ ಗಿರಾಕಿ ಅಂದರೆ ಕೋಚಿಂಗ್ ಕ್ಲಾಸಿನ ಹುಡುಗ ಹುಡುಗಿಯರೇ. ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್, ರೈಲ್ವೆ ಅಂತ ಯಾವುದಾದರೂ ಒಂದು ಅರ್ಜಿ ನಡೆದೇ ಇರುತ್ತದೆ. ಕೊನೆಯ ದಿನ ಸಂಜೆ ಬರುತ್ತಾರೆ. "ಅಣ್ಣಾರ, ಫೋಟೋ 50 ಕೆಬಿ ಒಳಗ ಮಾಡಿ ಕೊಡ್ರಿ, ಸೈಟ್ ತಗೊಳ್ಳವಲ್ದು" ಅನ್ನುತ್ತಾರೆ.

ನನ್ನ ಅಂಗಡಿಯಲ್ಲಿ ಈ ಕೆಲಸವೆಲ್ಲ ಗಿಂಪ್‌ನಲ್ಲೇ ಆಗುತ್ತದೆ. ದುಡ್ಡು ಕೊಡಬೇಕಿಲ್ಲ. ಕ್ರ್ಯಾಕ್ ಹುಡುಕಿ ವೈರಸ್ ತರಿಸಿಕೊಳ್ಳಬೇಕಿಲ್ಲ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ, ಚಿತ್ರ ತಿದ್ದುವ ತಂತ್ರಾಂಶ ಇದು. 3.0 ಆವೃತ್ತಿ ಬಂದದ್ದು 2025ರ ಮಾರ್ಚ್‌ನಲ್ಲಿ. ಹೊಸದಾಗಿ ಹಾಕುವವರು 3ನೇ ಸಾಲಿನದನ್ನೇ ಹಾಕಿ, ಯಾಕೆ ಅಂತ ಪ್ಲಗ್‌ಇನ್ (ಗಿಂಪ್‌ಗೆ ನಾವೇ ಸೇರಿಸುವ ಚಿಕ್ಕ ಪ್ರೋಗ್ರಾಂ) ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮೊದಲು ಲೆಕ್ಕ. ಫೋಟೋ 35 ಮಿಮೀ ಅಗಲ, 45 ಮಿಮೀ ಎತ್ತರ. ಇಂಚಿಗೆ 300 ಪಿಕ್ಸೆಲ್ ಹಿಡಿದರೆ ಅದು 413×531. 6 ಇಂಚು ಅಗಲ, 4 ಇಂಚು ಎತ್ತರದ ಹಾಳೆ ಅಂದರೆ 1800×1200. ಪ್ರತಿ ಫೋಟೋಗೆ ಸುತ್ತ ಬಿಳಿ ಜಾಗ ಸೇರಿಸಿ 450×600 ಮಾಡಿದರೆ ಅಡ್ಡಕ್ಕೆ 4, ಉದ್ದಕ್ಕೆ 2 ಸರಿಯಾಗಿ ಕೂರುತ್ತವೆ. ಒಂದು ಪಿಕ್ಸೆಲ್ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಈಗ ಕೆಲಸ. ಫೋಟೋ ತೆರೆದು ತಕ್ಷಣ ಕಂಟ್ರೋಲ್ ಡಿ ಒತ್ತಿ ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ. ಕ್ರಾಪ್ ಟೂಲ್ ತೆಗೆದುಕೊಂಡು ಅದರ ಆಯ್ಕೆಗಳಲ್ಲಿ ಫಿಕ್ಸ್ಡ್ ಗುರುತು ಹಾಕಿ, ಆಸ್ಪೆಕ್ಟ್ ರೇಶಿಯೋ ಅಂತ ಇಟ್ಟು 35:45 ಬರೆಯಿರಿ. ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ಕತ್ತರಿಸಿ. ಆಮೇಲೆ ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ 413×531, ರೆಸಲ್ಯೂಶನ್ 300 ಕೊಡಿ.

ಇಲ್ಲಿ ಒಂದು ತೊಂದರೆ ಇದೆ. ಅರ್ಜಿಯ ಫೋಟೋಗಳ ಹಿನ್ನೆಲೆ ಸಾಮಾನ್ಯವಾಗಿ ಬಿಳಿ. ಸುತ್ತಲೂ ಮತ್ತೆ ಬಿಳಿ ಸೇರಿಸಿದರೆ ಕತ್ತರಿ ಹಿಡಿದವರಿಗೆ ಅಂಚು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೆ ಗಿಂಪ್‌ನ ಟೂಲ್‌ಬಾಕ್ಸ್‌ನಲ್ಲಿರುವ ಹಿನ್ನೆಲೆ ಬಣ್ಣವನ್ನು (ಫೋಟೋದ ಹಿನ್ನೆಲೆಯನ್ನಲ್ಲ) ತಿಳಿ ಬೂದು ಮಾಡಿಕೊಳ್ಳಿ. ಇಮೇಜ್ ಮೆನುವಿನ ಕ್ಯಾನ್ವಾಸ್ ಸೈಜ್‌ಗೆ ಹೋಗಿ, ಅಗಲ ಎತ್ತರ ಎರಡನ್ನೂ ಕಟ್ಟಿಹಾಕುವ ಸರಪಳಿ ಗುರುತು ಬಿಡಿಸಿ, 415×533 ಬರೆದು ಸೆಂಟರ್ ಒತ್ತಿ. ನಂತರ ಫ್ಲ್ಯಾಟನ್ ಇಮೇಜ್. ಸುತ್ತ ಕೂದಲೆಳೆಯಷ್ಟು ಬೂದು ಗೆರೆ ಬರುತ್ತದೆ. ಈಗ ಹಿನ್ನೆಲೆ ಬಣ್ಣ ಬಿಳಿ ಮಾಡಿ, 450×600 ಅಳತೆಗೆ ಇದನ್ನೇ ಇನ್ನೊಮ್ಮೆ ಮಾಡಿ.

ಕೊನೆಗೆ ಫಿಲ್ಟರ್ಸ್ ಮೆನುವಿನಲ್ಲಿ ಮ್ಯಾಪ್, ಅದರೊಳಗೆ ಟೈಲ್. ಇಲ್ಲೂ ಸರಪಳಿ ಬಿಡಿಸಿ 1800×1200 ಕೊಡಿ. ಎಂಟೂ ಫೋಟೋ ಒಂದೇ ಸಲ ಬಂದು ಕೂರುತ್ತವೆ. ಒಂದೊಂದೇ ಪೇಸ್ಟ್ ಮಾಡಿ ಮೌಸಿನಲ್ಲಿ ಎಳೆದು ಜೋಡಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಟೈಲ್ ಆದ ಮೇಲೆ ಪ್ರಿಂಟ್ ಸೈಜ್ ತೆರೆದು ರೆಸಲ್ಯೂಶನ್ 300 ಇದೆಯಾ ನೋಡಿ.

ಪ್ರಿಂಟ್ ಕೊಡುವಾಗ ಬಾರ್ಡರ್‌ಲೆಸ್, ಅಂದರೆ ಅಂಚು ಬಿಡದೆ ಹಾಳೆ ತುಂಬ ಮುದ್ರಿಸುವ ಆಯ್ಕೆ, ಬೇಕೇ ಬೇಕು. ಇಲ್ಲದಿದ್ದರೆ ಅಂಚಿನ ಫೋಟೋಗಳು ಸ್ವಲ್ಪ ಕತ್ತರಿಸಿ ಹೋಗಬಹುದು. ಆದರೆ ಬಾರ್ಡರ್‌ಲೆಸ್‌ನಲ್ಲಿ ಪ್ರಿಂಟರ್ ತಾನಾಗಿ ಚಿತ್ರವನ್ನು ಹಿಗ್ಗಿಸುತ್ತದೆ. ಹಿಗ್ಗಿಸುವ ಪ್ರಮಾಣ ಬದಲಿಸಲು ಡ್ರೈವರಿನಲ್ಲಿ ಆಯ್ಕೆ ಇದ್ದರೆ ಅತಿ ಕಡಿಮೆಗೆ ಇಡಿ. ಮೊದಲ ಹಾಳೆ ಬಂದಾಗ ಸ್ಕೇಲ್ ಪಟ್ಟಿ ಇಟ್ಟು ಅಳೆಯಿರಿ.

ಇನ್ನು ಅಪ್‌ಲೋಡ್. ಬ್ಯಾಂಕ್ ಪರೀಕ್ಷೆಯ ಐಬಿಪಿಎಸ್ ಅರ್ಜಿಗೆ ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ. ಬೇರೆ ಅರ್ಜಿಗಳಲ್ಲಿ ಬೇರೆ ಮಿತಿ ಇರಬಹುದು, ಸೂಚನೆ ಓದಿ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್‌ನಲ್ಲಿ ಜೆಪಿಜಿ ಆರಿಸಿದಾಗ ಬರುವ ಕಿಟಕಿಯಲ್ಲಿ ಪ್ರಿವ್ಯೂ ಗುರುತು ಹಾಕಿ. ಕ್ವಾಲಿಟಿ ಪಟ್ಟಿ ಎಳೆದಂತೆ ಫೈಲ್ ಎಷ್ಟು ಕೆಬಿ ಅಂತ ಅಲ್ಲೇ ಕಾಣುತ್ತದೆ. ಸೇವ್ ಮಾಡಿ, ಅಳತೆ ನೋಡಿ, ಮತ್ತೆ ಸೇವ್ ಮಾಡುವ ಪಾಡು ಬೇಡ. ಎಕ್ಸಿಫ್ (ಫೋಟೋ ಜೊತೆ ಸೇರಿರುವ ಕ್ಯಾಮೆರಾ ವಿವರ) ಮತ್ತು ಥಂಬ್‌ನೇಲ್ (ಚಿಕ್ಕ ಮಾದರಿ ಚಿತ್ರ) ಗುರುತು ತೆಗೆದರೆ ಇನ್ನೊಂದಿಷ್ಟು ಇಳಿಯುತ್ತದೆ.

ಸಹಿಯ ಗೋಳು ಉಲ್ಟಾ. 140×60 ಪಿಕ್ಸೆಲ್ ಮಾಡಿದರೆ ಫೈಲು 10 ಕೆಬಿ ಮುಟ್ಟುವುದೇ ಕಷ್ಟ. ಹುಡುಗರು ದೊಡ್ಡದಾಯಿತು ಅಂತ ಇನ್ನೂ ಇಳಿಸುತ್ತಾ ಹೋಗುತ್ತಾರೆ, ಸೈಟು ತಳ್ಳುತ್ತಲೇ ಇರುತ್ತದೆ. ಕ್ವಾಲಿಟಿಯನ್ನು ಪೂರ್ತಿ ಏರಿಸಿ. ಸಾಲದಿದ್ದರೆ, ಅರ್ಜಿ ಒಪ್ಪುವುದಾದರೆ, ಅದೇ ಪ್ರಮಾಣದಲ್ಲಿ 280×120 ಮಾಡಿ. ಕಾಗದ ಬೂದು ಕಾಣಿಸಿದರೆ ಕಲರ್ಸ್ ಮೆನುವಿನ ಲೆವೆಲ್ಸ್ ತೆರೆದು, ವೈಟ್ ಪಾಯಿಂಟಿನ ಡ್ರಾಪರ್‌ನಿಂದ ಖಾಲಿ ಕಾಗದದ ಮೇಲೆ ಒಮ್ಮೆ ಒತ್ತಿ.

ದಿನವೂ ಇದೇ ಕೆಲಸ ಇರುವವರು ಪ್ಲಗ್‌ಇನ್ ಬರೆದುಕೊಳ್ಳಿ. ಪೈಥಾನ್ ಸ್ವಲ್ಪ ಬಂದರೆ ಸಾಕು. ನಾವು ಮೆನುವಿನಲ್ಲಿ ಒತ್ತಿದ ಪ್ರತಿ ಹೆಜ್ಜೆಗೂ ಒಳಗೆ ಒಂದು ಪ್ರೊಸೀಜರ್, ಅಂದರೆ ಪ್ರೋಗ್ರಾಂನಿಂದ ಕರೆಯಬಹುದಾದ ಆದೇಶ, ಇದೆ. ಹೆಲ್ಪ್ ಮೆನುವಿನ ಪ್ರೊಸೀಜರ್ ಬ್ರೌಸರ್‌ನಲ್ಲಿ ಸ್ಕೇಲ್, ರಿಸೈಜ್, ಫ್ಲ್ಯಾಟನ್, ಟೈಲ್ ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಯಾವುದಕ್ಕೆ ಏನೇನು ಕೊಡಬೇಕು ಅನ್ನುವುದು ಸಿಗುತ್ತದೆ. ಮೇಲೆ ಹೇಳಿದ ಕ್ರಮದಲ್ಲೇ ಅವನ್ನು ಸಾಲಾಗಿ ಕರೆಯಿರಿ. ಮೊದಲು ಚಿತ್ರದ ನಕಲು ಮಾಡಿಕೊಂಡು, ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ಕ್ರಾಪ್ ಮಾತ್ರ ಕೈಯಲ್ಲೇ ಇಟ್ಟುಕೊಳ್ಳಿ. ಮುಖ ಎಲ್ಲಿದೆ ಅನ್ನುವುದು ನಮ್ಮ ಕಣ್ಣಿಗೆ ಬಿಟ್ಟ ವಿಷಯ.

ಗಿಂಪ್ 3ರಲ್ಲಿ ಪ್ಲಗ್‌ಇನ್ ಫೈಲಿನ ಹೆಸರಿನದೇ ಫೋಲ್ಡರ್ ಮಾಡಿ ಅದರೊಳಗೆ ಫೈಲ್ ಇಡಬೇಕು. ಸುಮ್ನೆ ಹೊರಗೆ ಹಾಕಿದರೆ ಗಿಂಪ್ ಅದನ್ನು ನೋಡುವುದೇ ಇಲ್ಲ. ಫೋಲ್ಡರ್ ಎಲ್ಲಿ ಇಡಬೇಕು ಅನ್ನುವುದು ಪ್ರಿಫರೆನ್ಸಸ್‌ನ ಫೋಲ್ಡರ್ಸ್ ಭಾಗದಲ್ಲಿ ಇದೆ. ಲಿನಕ್ಸ್‌ನಲ್ಲಿ ಫೈಲಿಗೆ ಎಕ್ಸಿಕ್ಯೂಟ್ ಅನುಮತಿಯನ್ನೂ ಕೊಡಬೇಕು. 2.10ಕ್ಕೆ ಬರೆದ ಹಳೆಯ ಪೈಥಾನ್ ಪ್ಲಗ್‌ಇನ್‌ಗಳು 3ರಲ್ಲಿ ಹಾಗೇ ಓಡುವುದಿಲ್ಲ, ಅವು ಪೈಥಾನ್ 2ರ ಕಾಲದವು. ಮೆನು ಹೆಸರನ್ನು ಕನ್ನಡದಲ್ಲೇ ಇಡಬಹುದು. ನನ್ನದರಲ್ಲಿ "8 ಫೋಟೋ ಹಾಳೆ" ಅಂತಲೇ ಇದೆ. ಹೊಸದಾಗಿ ಬಂದ ಹುಡುಗನಿಗೆ ಬೇರೆ ಏನೂ ಹೇಳಿಕೊಡಬೇಕಾಗಲಿಲ್ಲ.

ಬರೆದದ್ದನ್ನು ಪಕ್ಕದ ಅಂಗಡಿಯವರಿಗೂ ಕೊಡಿ. ಅವರು ಪೈಪೋಟಿಯವರೇ, ಇರಲಿ. ಕೊಡುವಾಗ ಜೊತೆಗೆ ಒಂದು ಚಿಕ್ಕ ಟಿಪ್ಪಣಿ ಇರಲಿ: ಯಾವ ಗಿಂಪ್ ಆವೃತ್ತಿಯಲ್ಲಿ ಓಡಿಸಿ ನೋಡಿದ್ದು, ಯಾವ ಲೈಸೆನ್ಸ್. ಗಿಂಪ್‌ನದು ಜಿಪಿಎಲ್ 3 ಅನ್ನುವ ಮುಕ್ತ ತಂತ್ರಾಂಶದ ಲೈಸೆನ್ಸ್, ಅದನ್ನೇ ಇಟ್ಟರೆ ತಲೆನೋವಿಲ್ಲ. ಯಾರಾದರೂ ಓಡುತ್ತಿಲ್ಲ ಅಂತ ಫೋನ್ ಮಾಡಿದರೆ, ಮೊದಲು ಎರರ್ ಕನ್ಸೋಲ್ ತೆರೆದು ಅದರಲ್ಲಿ ಬಂದಿರುವ ಸಾಲನ್ನು ಕಳಿಸಲು ಹೇಳಿ. ತಪ್ಪು ನಿಮ್ಮದಲ್ಲ, ಗಿಂಪ್‌ನದೇ ಅಂತ ಖಾತ್ರಿಯಾದರೆ ಗಿಂಪ್ ತಯಾರಕರು ದೂರು ತೆಗೆದುಕೊಳ್ಳುವ ಜಾಲತಾಣವಾದ ಗ್ನೋಮ್‌ನ ಗಿಟ್‌ಲ್ಯಾಬ್‌ನಲ್ಲಿ ದೂರು ಹಾಕಿ. ಯಾವ ಚಿತ್ರ ತೆರೆದಿರಿ, ಯಾವ ಕ್ರಮದಲ್ಲಿ ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟನ್ನೂ ಬರೆಯಿರಿ. ಗಿರಾಕಿಯ ಫೋಟೋ ಮಾತ್ರ ಅದಕ್ಕೆ ಲಗತ್ತಿಸಬೇಡಿ. ಯಾವುದಾದರೂ ಗಿಡದ ಫೋಟೋ ಹಾಕಿ ಅದೇ ತಪ್ಪು ಬರುತ್ತದಾ ನೋಡಿ, ಅದನ್ನೇ ಕಳಿಸಿ.