ಡಿಸೆಕ್ಷನ್ ಹಾಲಿನ ಗಾಳಿಯನ್ನು ನೆಲದ ದಾರಿಯಲ್ಲಿ ಹೊರಗೆ ಹಾಕಿದ್ದು

ವಿದ್ಯಾರ್ಥಿಗಳು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ, ಶವ ಕೆಡದಂತೆ ಬಳಸುವ ಫಾರ್ಮಲಿನ್ ದ್ರಾವಣದ ವಾಸನೆಯನ್ನು ಮೇಲಕ್ಕಲ್ಲ, ಕೆಳಕ್ಕೆ ಎಳೆಯಬೇಕು ಎಂದು ನಾನು ಹೇಳಿದಾಗ ಆಡಳಿತ ಮಂಡಳಿಯವರು ಒಪ್ಪಲಿಲ್ಲ, ಗುತ್ತಿಗೆದಾರರೂ ಒಪ್ಪಲಿಲ್ಲ. "ಎಕ್ಸಾಸ್ಟ್ ಫ್ಯಾನನ್ನು ಯಾರಾದರೂ ಕಾಲಬುಡದಲ್ಲಿ ಇಡುತ್ತಾರೆಯೇ ಸಾರ್?" ಎಂದರು ಮೇಸ್ತ್ರಿ. ತೀರ್ಥಹಳ್ಳಿ ಕಡೆಯ ಒಂದು ಆಯುರ್ವೇದ ಕಾಲೇಜಿಗೆ ನಾನು ವಿನ್ಯಾಸ ಮಾಡಿಕೊಟ್ಟ ಹೊಸ ಕಟ್ಟಡ ಈಗ ಎರಡು ಮಳೆಗಾಲ ಕಂಡಿದೆ. ಹಾಗಾಗಿ ಧೈರ್ಯದಿಂದ ಬರೆಯುತ್ತಿದ್ದೇನೆ.

ಹಳೆಯ ಹಾಲಿನಲ್ಲಿ ಲಿಂಟಲ್ ಮೇಲೆ ನಾಲ್ಕೈದು ಫ್ಯಾನುಗಳಿದ್ದವು. ಮೇಜಿನಿಂದ ಎದ್ದ ಆವಿಯನ್ನು ಅವು ಬಗ್ಗಿ ನಿಂತ ವಿದ್ಯಾರ್ಥಿಗಳ ಕಣ್ಣು, ಮೂಗಿನ ಮುಂದೆಯೇ ಹಾಯಿಸಿಕೊಂಡು ಹೋಗುತ್ತಿದ್ದವು. ಫಾರ್ಮಲಿನ್‌ನಿಂದ ಏಳುವ ಫಾರ್ಮಾಲ್ಡಿಹೈಡ್ ಅನಿಲ ಗಾಳಿಗಿಂತ ತುಸು ಭಾರ ಬೇರೆ. ಇತ್ತ ಜೂನ್‌ನಲ್ಲಿ ಮುಚ್ಚಿದ ಕಿಟಕಿಯನ್ನು ಸೆಪ್ಟೆಂಬರ್‌ವರೆಗೆ ತೆರೆಯುವಂತಿಲ್ಲ. ಒಳಗೆ ಬರುವ ಗಾಳಿಯೇ ಇಲ್ಲದಿದ್ದರೆ ಎಷ್ಟು ಫ್ಯಾನ್ ತಿರುಗಿ ಏನು ಪ್ರಯೋಜನ?

ಅದಕ್ಕೆ ಮೊದಲು ಸೂರನ್ನು ನಾಲ್ಕಡಿಗೂ ಮಿಕ್ಕಿ ಚಾಚಿಸಿದೆ. ಅದರಡಿಯಲ್ಲಿ ಓರೆ ಪಟ್ಟಿಗಳ ಕಿಂಡಿಗಳನ್ನಿಟ್ಟೆ. ಎಂಥ ಇರಚಲು ಹೊಡೆದರೂ ಅವನ್ನು ಮುಚ್ಚಬೇಕಾಗಿಲ್ಲ. ಹೆಚ್ಚುವರಿ ಖರ್ಚು ಒಂದೂವರೆ ಲಕ್ಷದ ಆಸುಪಾಸು. ಹಳೆಯ ಮಲೆನಾಡ ಮನೆಗಳ ಸೂರು ಅಷ್ಟು ಕೆಳಗಿಳಿದಿರುವುದೇಕೆ ಎಂದು ಆಡಳಿತ ಮಂಡಳಿಯವರಿಗೆ ವಿವರಿಸಿಯೇ ಆ ಹಣಕ್ಕೆ ಸಹಿ ಹಾಕಿಸಿಕೊಂಡೆ.

ಪ್ರತಿ ಮೇಜಿನ ಎರಡೂ ಅಂಚಿನಲ್ಲಿ ಉದ್ದನೆಯ ಸೀಳು, ಅಲ್ಲಿಂದ ನೆಲದೊಳಗೆ ಕೊಳವೆ, ಹೊರಗೋಡೆಯ ಆಚೆ ಗಾಳಿ ಎಳೆಯುವ ಬ್ಲೋವರ್. ಮೊದಲು ಹೂತದ್ದು ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ಡಕ್ಟ್, ಅಂದರೆ ಗಾಳಿಕೊಳವೆ. ನೆಲದ ತೇವ, ಮೇಜು ತೊಳೆದ ನೀರು ಎರಡೂ ಸೇರಿ ಒಂದೇ ಮಳೆಗಾಲದಲ್ಲಿ ಅದನ್ನು ತಿಂದು ಹಾಕಿದವು. ಸುಮಾರು ಎರಡು ಲಕ್ಷ ಮಣ್ಣುಪಾಲಾಯಿತು. ಅರ್ಧ ನನ್ನ ಶುಲ್ಕದಲ್ಲೇ ಮುರಿಯಿತು. ಆಮೇಲೆ ಆರಿಂಚಿನ ಪಿವಿಸಿ ಪೈಪನ್ನು ಚರಂಡಿಯ ಕಡೆಗೆ ಇಳಿಜಾರು ಕೊಟ್ಟು ಹಾಕಿದೆ. ಮೂರನೇ ಒಂದು ಭಾಗದ ಬೆಲೆಗೆ ಕೆಲಸ ಮುಗಿಯಿತು. ಮಳೆಗಾಳಿ ನೈಋತ್ಯದಿಂದ ಬೀಸುವುದರಿಂದ ಬ್ಲೋವರಿನಿಂದ ಆವಿ ಹೊರಬಿಡುವ ಕೊಳವೆಯನ್ನು ಈಶಾನ್ಯಕ್ಕೆ, ಮಾಡಿನ ನೆತ್ತಿಗಿಂತ ಎತ್ತರಕ್ಕೆ ಒಯ್ದೆ. ಬ್ಲೋವರಿನ ಹತ್ತಿರದ ಮೇಜಿಗೂ ಕೊನೆಯ ಮೇಜಿಗೂ ಎಳೆತ ಸಮನಾಗುವಂತೆ ಮಾಡಿದ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಪರೀಕ್ಷೆಗೆ ಊದುಬತ್ತಿ ಸಾಕಾಯಿತು. ಮೇಜಿನ ಅಂಚಿನಲ್ಲಿ ಹಿಡಿದಾಗ ಹೊಗೆ ಒಂದೆರಡು ಇಂಚು ಏರಿ, ಅಲ್ಲೇ ಬಾಗಿ, ಸೀಳಿನೊಳಗೆ ಇಳಿಯಿತು. ಅದನ್ನು ಮೇಸ್ತ್ರಿಯ ಕೈಗೇ ಕೊಟ್ಟು ಎಲ್ಲ ಮೇಜುಗಳ ಸುತ್ತ ಓಡಾಡಿಸಿದೆ. ಇಡೀ ಹಾಲಿಗೆ ಎಸಿ ಹಾಕಿಸಿ ಎಂದು ಪಟ್ಟು ಹಿಡಿದಿದ್ದ ಪ್ರಾಧ್ಯಾಪಕರು ಈಗ ಕಣ್ಣೊರೆಸಿಕೊಳ್ಳದೆ ಎರಡು ಗಂಟೆ ಪಾಠ ಮಾಡುತ್ತಾರೆ.

ಅದೇ ಕಟ್ಟಡದ ಕೌಶಲ ಪ್ರಯೋಗಾಲಯದಲ್ಲಿ ತರಬೇತಿಯ ಬೊಂಬೆಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಕಪಾಟಿನಲ್ಲಿ ಇದ್ದಿಲು ಇಟ್ಟರೆ ವಾರದಲ್ಲಿ ಇದ್ದಿಲೇ ತಣ್ಣಗೆ ಒದ್ದೆ. ತಳದಲ್ಲಿ ನಲವತ್ತು ವ್ಯಾಟಿನ ಹಳೆಯ ಬಲ್ಬ್ ಉರಿಸಿ, ಮೇಲೆ ರಂಧ್ರ ಕೊರೆದ ಮೇಲೆ ಬೂಷ್ಟು ನಿಂತಿತು.

ಪಕ್ಕದ ತಾಲೂಕಿನವರು ತಮ್ಮ ಹಳೆಯ ಹಾಲಿಗೂ ಇದನ್ನೇ ಕೇಳುತ್ತಿದ್ದಾರೆ. ನೆಲ ಒಡೆಯದೆ ಆಗುವ ಕೆಲಸವಲ್ಲ. ಬೇಸಿಗೆ ರಜೆಯಲ್ಲೇ ಒಡೆದು, ಮೇ ಮುಗಿಯುವುದರೊಳಗೆ ಪೈಪ್ ಹೂತು ಗಾರೆ ಒಣಗಿಸಿಕೊಡುತ್ತೇನೆಂದು ಹೇಳಿದ್ದೇನೆ.