ರೀಮಾಸ್ಟರ್ ಆದ ಹಳೆಯ ರಾಕ್ ಆಲ್ಬಮ್‌ಗಳ ಧ್ವನಿಯನ್ನು ಹೋಲಿಸುವ ಕ್ರಮ

ಒಂದೇ ಆಲ್ಬಮ್ಮಿನ ಎರಡು ಆವೃತ್ತಿಗಳನ್ನು ಹೋಲಿಸುವ ಮೊದಲು, ಅವು ಹೋಲಿಕೆಗೆ ತಕ್ಕವೇ ಎಂಬುದನ್ನು ನೋಡಿಕೊಳ್ಳಬೇಕು. ಸಿದ್ಧವಾಗಿರುವ ಮಿಕ್ಸ್ ಅನ್ನು (ಗಾಯನ, ವಾದ್ಯಗಳನ್ನೆಲ್ಲ ಬೆರೆಸಿದ ಧ್ವನಿಮುದ್ರಣವನ್ನು) ಟೇಪಿನಿಂದ ಹೊಸದಾಗಿ ವರ್ಗಾಯಿಸಿ, ಅದರ ಸ್ವರಸಮತೋಲವನ್ನೂ ಧ್ವನಿಮಟ್ಟವನ್ನೂ ತಿದ್ದುವುದು ರೀಮಾಸ್ಟರ್. ಗಾಯನ, ಗಿಟಾರ್, ಡ್ರಮ್ ಮೊದಲಾದವು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿರುವ ಮೂಲ ಟೇಪುಗಳಿಗೆ ಹಿಂದಿರುಗಿ ಹಾಡನ್ನು ಮತ್ತೆ ಜೋಡಿಸುವುದು ರೀಮಿಕ್ಸ್. ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೊದಲ ಸಿಡಿ 1987ರಲ್ಲಿ ಬಂತು, ಸ್ಟೀರಿಯೊ ಮತ್ತು ಮೊನೊ ರೀಮಾಸ್ಟರ್‌ಗಳು 2009ರಲ್ಲಿ ಬಂದವು, ಜೈಲ್ಸ್ ಮಾರ್ಟಿನ್ ಮಾಡಿದ ರೀಮಿಕ್ಸ್ 2017ರಲ್ಲಿ ಬಂತು. ಇವುಗಳಲ್ಲಿ 1987ರ ಸಿಡಿ ಮತ್ತು 2009ರ ಸ್ಟೀರಿಯೊ ಇವೆರಡನ್ನು ಮಾತ್ರ ಧ್ವನಿಗುಣದ ಮಟ್ಟಿಗೆ ನೇರವಾಗಿ ಎದುರುಬದುರು ಇಡಬಹುದು. ಮೊನೊ ಬೇರೆಯೇ ಒಂದು ಮಿಕ್ಸ್. ಅದರಲ್ಲಿ 'ಶೀಸ್ ಲೀವಿಂಗ್ ಹೋಮ್' ಹಳೆಯ ಸ್ಟೀರಿಯೊಗಿಂತ ವೇಗವಾಗಿದ್ದು ಶ್ರುತಿಯೂ ಏರಿದೆ, 2017ರ ರೀಮಿಕ್ಸ್ ಕೂಡ ಆ ವೇಗವನ್ನೇ ಅನುಸರಿಸಿದೆ. ಅಲ್ಲಿ ಕೇಳಿಸುವ ವ್ಯತ್ಯಾಸಕ್ಕೆ ಮಾಸ್ಟರಿಂಗ್ ಅನ್ನು ಹೊಗಳುವುದೂ ತೆಗಳುವುದೂ ಸರಿಯಲ್ಲ.

ಮುಂದಿನ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ: ಎರಡರ ಧ್ವನಿಮಟ್ಟವನ್ನು ಸಮ ಮಾಡುವುದು. ಶಬ್ದ ಏರಿದಂತೆ ನಮ್ಮ ಕಿವಿಗೆ ತಗ್ಗುಸ್ವರಗಳು ಹೆಚ್ಚು ತುಂಬಿಕೊಂಡು ಕೇಳಿಸುತ್ತವೆ. ಆದ್ದರಿಂದ ಒಂದು ಡೆಸಿಬೆಲ್ ಜೋರಾಗಿರುವ ಆವೃತ್ತಿಯೂ ಜೋರು ಎನ್ನಿಸದೆ 'ಉತ್ತಮ' ಎನ್ನಿಸಿಬಿಡುತ್ತದೆ. 1990ರ ದಶಕದ ನಂತರದ ಅನೇಕ ಮರುಬಿಡುಗಡೆಗಳು ಗೆದ್ದದ್ದು ಈ ಭ್ರಮೆಯಿಂದಲೇ ಎಂಬುದು ನನ್ನ ಅಭಿಪ್ರಾಯ. ಸಿಡಿಗಳನ್ನು ಫ್ಲ್ಯಾಕ್ (ಧ್ವನಿಗುಣ ನಷ್ಟವಾಗದಂತೆ ಕುಗ್ಗಿಸಿದ) ಕಡತಗಳಾಗಿ ಕಂಪ್ಯೂಟರಿಗೆ ಇಳಿಸಿಕೊಂಡು, ಫೂಬಾರ್2000 ತಂತ್ರಾಂಶದ ರಿಪ್ಲೇಗೇನ್ ಸೌಲಭ್ಯದಿಂದ ಸರಾಸರಿ ಮಟ್ಟವನ್ನು ಅಳೆಯಿರಿ. ಒಂದು ಆವೃತ್ತಿ ಇನ್ನೊಂದಕ್ಕಿಂತ 4 ಡೆಸಿಬೆಲ್ ಜೋರಾಗಿದ್ದರೆ ಜೋರಾದದ್ದನ್ನು ಅಷ್ಟು ತಗ್ಗಿಸಬೇಕು. ಮೆಲುವಾದದ್ದನ್ನು ಏರಿಸಲು ಹೋದರೆ ಅದರ ಶಿಖರಗಳು ಕತ್ತರಿಸಿಹೋಗಬಹುದು.

ಬಳಿಕ ಧ್ವನಿ ಸಂಪಾದನೆಯ ತಂತ್ರಾಂಶವಾದ ಅಡಾಸಿಟಿಯಲ್ಲಿ ಎರಡರ ತರಂಗಚಿತ್ರವನ್ನು ತೆರೆದು ನೋಡಬಹುದು. ಡ್ರಮ್ ಪೆಟ್ಟುಗಳ ತುದಿಗಳೆಲ್ಲ ಒಂದೇ ಎತ್ತರದಲ್ಲಿ ಇಸ್ತ್ರಿ ಹಾಕಿದಂತೆ ಸಪಾಟಾಗಿದ್ದರೆ ಲಿಮಿಟರ್ (ಧ್ವನಿಯ ಶಿಖರಗಳನ್ನು ಒಂದು ಮಿತಿಗೆ ತಡೆಯುವ ಸಾಧನ) ಬಲವಾಗಿ ಕೆಲಸ ಮಾಡಿದೆ ಎಂದು ತಿಳಿಯಬೇಕು. 2009ರ ಬೀಟಲ್ಸ್ ಸ್ಟೀರಿಯೊ ಸಿಡಿಗಳಲ್ಲಿ ಲಿಮಿಟರನ್ನು ಮಿತವಾಗಿ ಬಳಸಲಾಗಿದೆ; ಗಾಯಕ ಇಗ್ಗಿ ಪಾಪ್ ತಾವೇ ಕೈಗೊಂಡ 1997ರ 'ರಾ ಪವರ್' ಆಲ್ಬಮ್ಮಿನ ರೀಮಿಕ್ಸ್ ಇದರ ಇನ್ನೊಂದು ತುದಿ. ಜೋರು ಮತ್ತು ಮೆಲುದನಿಯ ನಡುವಿನ ಅಂತರವನ್ನು ಸೂಚಿಸುವ ಡಿಆರ್ (ಡೈನಾಮಿಕ್ ರೇಂಜ್) ಅಂಕಿಯನ್ನು ಮಾತ್ರ ನಂಬಿ ತೀರ್ಪು ಕೊಡಬಾರದು, ಏಕೆಂದರೆ ಒಂದೇ ಮಾಸ್ಟರಿನಿಂದ ಕತ್ತರಿಸಿದ ಎಲ್‌ಪಿ ಕೂಡ ಸಿಡಿಗಿಂತ ಹೆಚ್ಚಿನ ಅಂಕಿ ತೋರಿಸುವುದುಂಟು.

ಕೇಳುವಾಗ ಇಡೀ ಹಾಡಿನ ಬದಲು ಹತ್ತಿಪ್ಪತ್ತು ಸೆಕೆಂಡಿನ ತುಣುಕುಗಳನ್ನು ಆರಿಸಿಕೊಳ್ಳಿ. 'ಎ ಡೇ ಇನ್ ದ ಲೈಫ್' ಹಾಡಿನ ಕೊನೆಯ ಪಿಯಾನೊ ನಾದ ಇದಕ್ಕೆ ಬಹಳ ಉಪಯುಕ್ತ. ಆ ನಾದ ಆರುತ್ತಾ ಹೋದಂತೆ ಸ್ಟುಡಿಯೊದ ಗಾಳಿಯ ಸದ್ದೂ ಕುರ್ಚಿಯ ಕಿರುಗುಟ್ಟುವಿಕೆಯೂ ಕೇಳಿಸಬೇಕು. ನಾದದ ಬಾಲ ಥಟ್ಟನೆ ಕತ್ತಲಿಗೆ ಬಿದ್ದಂತಾದರೆ ಗದ್ದಲ ನಿವಾರಕವನ್ನು ಅತಿಯಾಗಿ ಬಳಸಿರಬಹುದೆಂದು ಶಂಕಿಸಬೇಕು. ಸಿಂಬಲ್‌ಗಳು ಲೋಹದಂತೆ ಝೇಂಕರಿಸುತ್ತವೆಯೇ ಅಥವಾ ಬರೀ ಹಿಸ್ಸೆನ್ನುತ್ತವೆಯೇ, ಬೇಸ್ ಗಿಟಾರಿನ ಸ್ವರಗಳು ಬಿಡಿಬಿಡಿಯಾಗಿ ತಿಳಿಯುತ್ತವೆಯೇ ಎಂಬುದನ್ನೂ ಗಮನಿಸಿ.

ಯಾವ ಆವೃತ್ತಿ ನುಡಿಯುತ್ತಿದೆ ಎಂದು ಗೊತ್ತಿರಬಾರದು. ಫೂಬಾರಿನ ಎಬಿಎಕ್ಸ್ ಪರೀಕ್ಷೆಯಲ್ಲಿ (ಗುರುತು ತಿಳಿಸದ ತುಣುಕು ಎರಡು ಆವೃತ್ತಿಗಳಲ್ಲಿ ಯಾವುದೆಂದು ಕೇಳಿ ಹೇಳುವ ಪರೀಕ್ಷೆ) 16ರಲ್ಲಿ 12 ಉತ್ತರ ಸರಿಯಾದರೆ ವ್ಯತ್ಯಾಸ ಕೇಳಿಸುತ್ತಿದೆ ಎಂದು ಹೇಳಬಹುದು. ಆದರೆ ಅದು ಇಷ್ಟಾನಿಷ್ಟವನ್ನು ಹೇಳದು. ಅದಕ್ಕೆ ಮನೆಯವರೊಬ್ಬರಿಂದ ಗುರುತು ಮರೆಮಾಡಿಸಿ, ಬೇರೆ ಬೇರೆ ದಿನ ಕೇಳಿ, ಆಯ್ಕೆಯನ್ನು ಬರೆದಿಟ್ಟುಕೊಳ್ಳುವುದೇ ಉತ್ತಮ. ಸ್ಟ್ರೀಮಿಂಗ್ ಸೇವೆಗಳನ್ನು ಈ ಕೆಲಸಕ್ಕೆ ಬಳಸದಿರುವುದು ಲೇಸು: ಅಲ್ಲಿ ಮೂಲ ಬಿಡುಗಡೆಯ ವರ್ಷವನ್ನು ತೋರಿಸುತ್ತಲೇ ಹೊಸ ರೀಮಾಸ್ಟರ್ ನುಡಿಸುವುದು ಸಾಮಾನ್ಯ.